ಜೂನ್ ತಿಂಗಳಲ್ಲಿ ಮಾರಲು ಮೀನು ಇದ್ದರೆ ಮನೆ ಹೇಗಿರುತ್ತದೆ ಗೊತ್ತಾ?

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ರಜೆ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಫೀಸು, ಪುಸ್ತಕ, ಕೊಡೆ, ಚಪ್ಪಲಿ ಎಲ್ಲ ಆಗಲೇ ಬೇಕು, ದುಡಿಮೆ ನಿಲ್ಲುವುದೂ ಆಗಲೇ. ನಮ್ಮ ಅಮ್ಮನ ಬಳೆ ಎಷ್ಟು ಮಳೆಗಾಲ ಗಿರವಿಗೆ ಕೂತಿತ್ತೋ ಲೆಕ್ಕವೇ ಇಲ್ಲ.

ಮೊನ್ನೆ ಒಬ್ಬರು "ಹೊಳೆಯಲ್ಲಿ ಕೇಜ್ ಹಾಕಿ ಮೀನು ಸಾಕುವುದೆಲ್ಲ ಸಬ್ಸಿಡಿ ತಿನ್ನುವ ದಾರಿ" ಅಂತ ಬರೆದಿದ್ದರು. ಕೇಜ್ ಅಂದರೆ ನೀರಿನಲ್ಲಿ ತೇಲುವ ಬಲೆಯ ಪಂಜರ. ಓದಿ ಬೇಜಾರಾಯಿತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮದು ಕುಂದಾಪುರದ ಕಡೆ, ಹೊಳೆ ಸಮುದ್ರ ಸೇರುವ ಜಾಗ. ಅಣ್ಣಯ್ಯ ಮತ್ತು ಪಕ್ಕದ ಎರಡು ಮನೆಯವರು ಸೇರಿ ಎರಡು ಕೇಜ್ ಹಾಕಿದ್ದಾರೆ. ಜಿಐ ಪೈಪಿನ ಚೌಕಟ್ಟು, ತೇಲಲು ಪ್ಲಾಸ್ಟಿಕ್ ಡ್ರಮ್ಮು, ಒಳಗೊಂದು ಬಲೆ, ನೀರುನಾಯಿ ಹರಿಯದ ಹಾಗೆ ಹೊರಗೊಂದು ಬಲೆ. ಮಳೆಗಾಲ ಮುಗಿದ ಮೇಲೆ 1500 ಸೀಬಾಸ್ ಮೀನಿನ ಮರಿ ಬಿಟ್ಟರು. ಮರಿ ಬಂದದ್ದು ತಮಿಳುನಾಡಿನಿಂದ, ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ. ಸೀಬಾಸ್‌ಗೆ ಒಂದು ಕೆಟ್ಟ ಗುಣ ಇದೆ, ದೊಡ್ಡದು ಚಿಕ್ಕದನ್ನು ನುಂಗುತ್ತದೆ. ಹಾಗಾಗಿ ಶುರುವಿನ ತಿಂಗಳುಗಳಲ್ಲಿ ಆಗಾಗ ಬಲೆ ಎತ್ತಿ ದೊಡ್ಡದು, ಚಿಕ್ಕದು ಬೇರೆ ಮಾಡಬೇಕು. ಎಷ್ಟು ಮಾಡಿದರೂ ಕೊನೆಗೆ ಉಳಿದದ್ದು 900ರ ಆಸುಪಾಸು.

ಈಗ ಲೆಕ್ಕ ಹೇಳುತ್ತೇನೆ. ಒಟ್ಟು 700 ಕೆಜಿ ಚಿಲ್ಲರೆ ಸಿಕ್ಕಿತು. ಕೆಜಿಗೆ 450ರಂತೆ ಹೋಯಿತು, ಅಂದರೆ ಮೂರು ಲಕ್ಷದ ಮೇಲೆ. ಒಂದು ಕೆಜಿ ಸೀಬಾಸ್ ಬೆಳೆಯಲು ಆರು ಕೆಜಿಯಷ್ಟು ಸಣ್ಣ ಮೀನು ಕತ್ತರಿಸಿ ಹಾಕಬೇಕು, ಅದಕ್ಕೆ ಒಂದು ಲಕ್ಷ ದಾಟಿತು. ಮರಿಗೆ 60 ಸಾವಿರ. ಬಲೆ, ಹಗ್ಗ, ಓಡಾಟ ಕಳೆದು ಮೂರು ಪಾಲು ಮಾಡಿದಾಗ ಒಂದೊಂದು ಮನೆಗೆ 45 ಸಾವಿರದಷ್ಟು ಬಂತು. ಇದರಲ್ಲೇ ವರ್ಷ ಕಳೆಯಲು ಆಗುವುದಿಲ್ಲ. ಅಣ್ಣಯ್ಯ ಈಗಲೂ ಬೋಟಿಗೆ ಹೋಗುತ್ತಾನೆ. ಆದರೆ ಆ 45 ಸಾವಿರ ಬಂದದ್ದು ಜೂನ್‌ನಲ್ಲಿ, ಎಲ್ಲರೂ ಸಾಲ ಕೇಳುತ್ತಾ ತಿರುಗುವ ತಿಂಗಳಲ್ಲಿ!

ಕೇಜಿನ ನಿಜವಾದ ಲಾಭ ಅಲ್ಲೇ ಇರುವುದು. ಬೋಟಿನ ಮೀನು ಕಾಯುವುದಿಲ್ಲ. ಹತ್ತಾರು ಬೋಟು ಒಂದೇ ಸಂಜೆ ಬಂದರಿನ ದಕ್ಕೆಗೆ ಬಂದರೆ ಏಲಂನಲ್ಲಿ ರೇಟು ಇಳಿದು ಹೋಗುತ್ತದೆ, ಡೀಸೆಲ್ ಮತ್ತು ಐಸಿನ ಸಾಲ ತಲೆ ಮೇಲಿರುವಾಗ ಕೊಟ್ಟ ರೇಟಿಗೆ ಕೊಟ್ಟು ಬರಬೇಕು. ಕೇಜಿನ ಮೀನು ಜೀವಂತ ಇರುತ್ತದೆ, ಮಾರುವ ದಿನ ನಾವು ನೋಡಿಕೊಳ್ಳಬಹುದು. ನಾವು ಒಂದೇ ದಿನ ಎಲ್ಲ ತೆಗೆಯಲಿಲ್ಲ. ದಿನಕ್ಕೆ 20, 30 ಕೆಜಿ ತೆಗೆದೆವು. ಅರ್ಧ ವಾಟ್ಸಾಪ್‌ನಲ್ಲೇ ಹೋಯಿತು, ಇನ್ನರ್ಧ ಚಿಕ್ಕಮ್ಮ ಬುಟ್ಟಿಯಲ್ಲಿ ಹೊತ್ತು ಮಾರಿದರು. ಮಳೆಗಾಲದಲ್ಲಿ ಹೊರಗಿನಿಂದ ಲಾರಿಯಲ್ಲಿ ಬರುವ ಮೀನು ಮಾರಿ ಮಾರಿ ಬೈಸಿಕೊಂಡವರು ಅವರು. ಈ ಸಲ ಬಾಗಿಲು ಬಾಗಿಲಿಗೆ ಹೋಗಿ "ಹ್ವಾಯ್, ಇದ್ ಐಸಿನ್ ಮೀನಲ್ಲ ಅಕಾ, ಈಗಷ್ಟೇ ಹಿಡ್ದದ್ದ್" ಅಂತ ಗಟ್ಟಿಯಾಗಿ ಹೇಳುತ್ತಿದ್ದರು.

ಇನ್ನೂ ಇದೆ. ಫೀಡಿಗೆ ಮೀನು ಕೊಟ್ಟದ್ದು ನಮ್ಮೂರಿನ ನಾಡದೋಣಿಯವರೇ, ಚೌಕಟ್ಟು ಮಾಡಿದ್ದು ಪೇಟೆಯ ವೆಲ್ಡಿಂಗ್ ಅಂಗಡಿ, ಬಲೆ ಹೊಲಿದದ್ದು ಕಡಲಿಗೆ ಹೋಗಲಾಗದ ಇಬ್ಬರು ಅಜ್ಜಂದಿರು. ದುಡ್ಡು ಊರೊಳಗೇ ಸುತ್ತಿತು.

ಇದೇನು ಸುಲಭದ ಕೆಲಸ ಅಂತ ನಾನು ಹೇಳುತ್ತಿಲ್ಲ. ಮೊದಲನೇ ವರ್ಷ ಕೆಂಬೇರಿ (ರೆಡ್ ಸ್ನ್ಯಾಪರ್) ಮೀನು ಸಾಕಿದ್ದೆವು. ಮಳೆ ಬಂದು ಹೊಳೆ ನೀರು ಪೂರ್ತಿ ಸಿಹಿಯಾದಾಗ ಎರಡೇ ದಿನದಲ್ಲಿ ಸತ್ತು ತೇಲಿದವು. ಸೀಬಾಸ್ ಸಿಹಿನೀರು ತಡೆಯುತ್ತದೆ, ಆದರೆ ನೆರೆಯಲ್ಲಿ ತೇಲಿ ಬರುವ ಮರದ ದಿಮ್ಮಿಯನ್ನು ಬಲೆ ತಡೆಯುವುದಿಲ್ಲ. ರೇಟು ಇನ್ನೂ ಏರಲಿ ಅಂತ ಜುಲೈವರೆಗೆ ಕಾದರೆ ಮೀನೇ ಹೋಗಬಹುದು. ಫೀಡಿಗೆ ಹಾಕುವ ಬೂತಾಯಿ ಮೀನು ಸಿಗದ ವರ್ಷ ಲೆಕ್ಕವೆಲ್ಲ ತಲೆಕೆಳಗು. ಆ ಮಟ್ಟಿಗೆ ಪಚ್ಚಿಲೆ (ಹಸಿರು ಚಿಪ್ಪುಮೀನು) ಕೃಷಿ ಒಳ್ಳೆಯದು, ಅದಕ್ಕೆ ಫೀಡೇ ಬೇಡ. ಕಾಸರಗೋಡಿನ ಪಡನ್ನ, ಚೆರುವತ್ತೂರು ಕಡೆ ಹೆಂಗಸರ ಗುಂಪುಗಳು ಹಗ್ಗಕ್ಕೆ ಪಚ್ಚಿಲೆ ಕಟ್ಟಿ ಬೆಳೆದು ದುಡಿದದ್ದು 1990ರ ದಶಕದಿಂದಲೇ. ನಮ್ಮ ಹೊಳೆಗಳಲ್ಲೂ ಇದು ಜಾಸ್ತಿ ಆಗಬೇಕು.

ಸಬ್ಸಿಡಿ ವಿಷಯಕ್ಕೆ ಬರುತ್ತೇನೆ. 2020ರಲ್ಲಿ ಶುರುವಾದ ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯರಿಗೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 60 ನೆರವು ಇಟ್ಟಿದ್ದರು. ಉಳಿದದ್ದು ಕೈಯಿಂದ ಹಾಕಬೇಕಲ್ವಾ? ಕಿಸಾನ್ ಕ್ರೆಡಿಟ್ ಕಾರ್ಡ್ ಮೀನುಗಾರರಿಗೂ ಕೊಡುತ್ತೇವೆ ಅಂತ 2018ರ ಬಜೆಟ್‌ನಲ್ಲೇ ಹೇಳಿದ್ದರು. ನಾವು ಸಾಲ ಕೇಳಲು ಹೋದ ಬ್ಯಾಂಕಿನಲ್ಲಿ ಪಹಣಿ ತನ್ನಿ ಅಂದರು. ಹೊಳೆಗೆ ಪಹಣಿ ಎಲ್ಲಿಂದ ತರುವುದು? ಕೊನೆಗೆ ಚಿಕ್ಕಮ್ಮನ ಸ್ವಸಹಾಯ ಸಂಘದವರು ಸಾಲ ಕೊಟ್ಟರು.

ನಾನು ಕೇಳುವುದು ಮೂರೇ. ಮರಿ ನಮ್ಮ ಕರಾವಳಿಯಲ್ಲೇ ಬೇಕಾದಷ್ಟು ಸಿಗಲಿ. ನೆರೆಗೆ ಕೇಜ್ ಹೋದರೆ ಬೆಳೆ ಹೋದ ರೈತನಿಗೆ ಸಿಗುವ ಹಾಗೆ ಪರಿಹಾರ ಸಿಗಲಿ. ಎಲ್ಲದಕ್ಕಿಂತ ಮುಖ್ಯವಾಗಿ, ಹೊಳೆಯಲ್ಲಿ ಕೇಜ್ ಹಾಕುವ ಹಕ್ಕು ಆ ದಡದಲ್ಲಿ ಇರುವವರಿಗೇ ಮೊದಲು ಸಿಗಲಿ. ಹೊರಗಿನಿಂದ ದುಡ್ಡು ಹಿಡಿದು ಬಂದವರು ನೂರು ಕೇಜ್ ಹಾಕಿ ನಮ್ಮವರನ್ನೇ ಕೂಲಿಗೆ ಕರೆದರೆ ಆ ಲಾಭ ಈ ಮನೆಗಳಿಗೆ ಬರುವುದಿಲ್ಲ. ಚಿಪ್ಪು ಹೆಕ್ಕುವವರ ದಾರಿಗೂ ಅಡ್ಡವಾಗುತ್ತದೆ.

ಈ ಜೂನ್‌ನಲ್ಲಿ ಅಮ್ಮನ ಬಳೆ ಕೈಯಲ್ಲೇ ಇತ್ತು. ದಡದಲ್ಲಿ ತಕ್ಕಡಿ ಹಿಡಿದು ಕೂತಿದ್ದರು. ಫೋಟೋ ತೆಗೆಯುತ್ತೇನೆ ಅಂದರೆ "ಮಳೆ ಬತ್ತ್, ಮೊದ್ಲ್ ಮೀನ್ ತೂಗ್" ಅಂದರು.