ಒಂದು ಬಾಟ್ಲಿ ಸಮುದ್ರ

ಕೋಲಾರದಿಂದ ಮಂಗಳೂರಿಗೆ ಮದುವೆಗೆ ಹೊರಟಾಗ ಅಮ್ಮ ಕೈಗೆ ಒಂದು ಖಾಲಿ ಬಾಟ್ಲಿ ಕೊಟ್ಟರು. ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ ಲೀಟರ್ ಬಾಟ್ಲಿ. "ಸಮುದ್ರದ ನೀರು ತುಂಬ್ಕೊಂಡು ಬಾರಪ್ಪಾ. ಅಮಾವಾಸ್ಯೆ ದಿನ ಮನೆ ಸುತ್ತ ಚಿಮುಕಿಸ್ಬೇಕು, ದೃಷ್ಟಿ ಹೋಗ್ತದೆ" ಅಂದರು. ಸುಣ್ಣ ಕಾಣದೆ ಏಳು ವರ್ಷ ಆದ ನಮ್ಮ ಮನೆಯ ಮೇಲೆ ಯಾರ ಕಣ್ಣು ಬೀಳುತ್ತದೆ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಮಂಗಳೂರು ಅಂದರೆ ಸಮುದ್ರದ ಊರು, ಬಸ್ಸಿಳಿದು ಬಗ್ಗಿದರೆ ನೀರು, ಅದೇನು ಮಹಾ ಕೆಲಸ ಅಂತ ಬಾಟ್ಲಿಯನ್ನು ಬ್ಯಾಗಿಗೆ ತುರುಕಿದೆ.

ನಮ್ಮ ಕಡೆಯವರಿಗೆ ನೀರಿನ ಲೆಕ್ಕವೇ ಬೇರೆ. ಪಾಲಾರ್ ನಮ್ಮ ಜಿಲ್ಲೆಯಲ್ಲಿ ಹರಿಯುತ್ತದೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇನೆ. ಹರಿಯುವುದನ್ನು ಕಣ್ಣಾರೆ ಕಂಡದ್ದು ಎರಡೋ ಮೂರೋ ಸಲ. ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ಒಂದು ಧಾರೆ ನೀರನ್ನು ನೋಡುವುದಕ್ಕೇ ಬೆಟ್ಟ ಹತ್ತುವ ಜನ ನಾವು. ಕೆರೆ ಕೋಡಿ ಹೋದರೆ ಸಂಸಾರ ಸಮೇತ ಹೋಗಿ ಏರಿಯ ಮೇಲೆ ನಿಂತು, "ಸಮುದ್ರ ಆಗ್ಬಿಟ್ಟಿದೆ ಕಣ್ರೀ" ಅಂತ ಊರೆಲ್ಲ ಹೇಳಿಕೊಂಡು ಬರುತ್ತೇವೆ. ಹಾಗಾಗಿ ನನ್ನ ತಲೆಯಲ್ಲಿದ್ದ ಸಮುದ್ರಕ್ಕೂ ಒಂದು ಏರಿ ಇತ್ತು. ಹತ್ತಿ ನಿಂತರೆ ಆಯಿತು, ಪೂರ್ತಿ ಕಾಣುತ್ತದೆ.

ಬೆಂಗಳೂರಿನಿಂದ ರಾತ್ರಿ ಬಸ್ಸು. ಶಿರಾಡಿ ಘಾಟಿಯಲ್ಲಿ ಹೊಟ್ಟೆ ತೊಳಸಿ ಎಚ್ಚರ ಆಯಿತು. ಬೆಳಗ್ಗೆ ಇಳಿದಾಗ ಡಿಸೆಂಬರ್ ತಿಂಗಳಲ್ಲೂ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಸ್ವೆಟರ್ ತಂದದ್ದಕ್ಕೆ ನಾಚಿಕೆಯಾಗಿ ಬಾಟ್ಲಿಯ ಪಕ್ಕ ಅದನ್ನೂ ತುರುಕಿದೆ.

ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಖಾಸಗಿಯವೇ ಜಾಸ್ತಿ. ಕಂಡಕ್ಟರ್ ಬಾಯಲ್ಲಿ ಸೀಟಿ, ಕೈಯಲ್ಲಿ ನೋಟು, ಬಾಗಿಲಲ್ಲಿ ಒಂದು ಕಾಲು. ಬಂದ ಬಸ್ಸಿನವರೆಲ್ಲ "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್" ಅಂತ ಕೂಗುತ್ತಿದ್ದರು. ಬೆಳಗ್ಗೆ ಏಳು ಗಂಟೆಗೆ ಇಷ್ಟೊಂದು ಜನಕ್ಕೆ ಬ್ಯಾಂಕಲ್ಲಿ ಏನು ಕೆಲಸ? ಬ್ಯಾಂಕುಗಳಿಗೆ ಹೆಸರಾದ ಜಿಲ್ಲೆ, ಇದ್ದರೂ ಇರಬಹುದು ಅಂದುಕೊಂಡೆ. ಆಮೇಲೆ ತಿಳಿಯಿತು, ಅದು ಬಸ್ ನಿಲ್ದಾಣದ ಹೆಸರು. ಹೊರಟ ಬಸ್ಸುಗಳೆಲ್ಲ ಕೊನೆಗೆ ಬಂದು ಸೇರುವುದು ಅಲ್ಲಿಗೇ. ಜ್ಯೋತಿ ಅಂತ ಒಂದು ಸ್ಟಾಪು ಇದೆ, ಜ್ಯೋತಿ ಟಾಕೀಸಿನ ಹೆಸರು. ಟಾಕೀಸು ಹೋಗಿದೆ, ಸ್ಟಾಪು ಉಳಿದಿದೆ. ಇನ್ನೊಂದು ಪಂಪ್‌ವೆಲ್. ಬಾವಿಯ ಹೆಸರಲ್ಲಿ ಒಂದು ಸರ್ಕಲ್! ನಮ್ಮೂರಿನಲ್ಲಿ ಬತ್ತಿದ ಬಾವಿಗಳಿಗೆಲ್ಲ ಒಂದೊಂದು ಸರ್ಕಲ್ ಕಟ್ಟಿದ್ದರೆ ನಡೆಯಲು ಜಾಗ ಇರುತ್ತಿರಲಿಲ್ಲ.

ಬಸ್ಸಿನೊಳಗೆ ಕಂಡಕ್ಟರ್ ನನ್ನ ಬೆನ್ನಿಗೆ ಕೈಯಿಟ್ಟು "ದುಂಬು ಪೋಲೆ, ದುಂಬು ಪೋಲೆ" ಅಂದ. ಅರ್ಥ ಆಗದೆ ಹಿಂದಕ್ಕೆ ಸರಿದೆ. ಅವನು ಇನ್ನೂ ಜೋರಾಗಿ ಅಂದ. ನಾನು ಇನ್ನೂ ಹಿಂದಕ್ಕೆ ಸರಿದೆ. ಕೊನೆಗೆ ಒಬ್ಬ ಹೆಂಗಸು ಕನಿಕರಪಟ್ಟು, "ಮುಂದೆ ಹೋಗ್ಬೇಕಂತೆ ನೀವು" ಅಂದರು. ನನಗೇನೂ ಬೇಸರ ಆಗಲಿಲ್ಲ. ನಮ್ಮ ಬೀದಿಯಲ್ಲೂ ಕನ್ನಡದಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಮುಗಿಯುತ್ತದೆ. ಆ ಬಸ್ಸಿನಲ್ಲಿ ತುಳು, ಕೊಂಕಣಿ, ಬ್ಯಾರಿ ಮೂರೂ ಕಿವಿಗೆ ಬಿದ್ದವು, ನನ್ನ ಜೊತೆ ಮಾತ್ರ ಎಲ್ಲರೂ ಅಚ್ಚುಕಟ್ಟಾದ ಕನ್ನಡ ಆಡಿದರು. ಅಷ್ಟು ಶುದ್ಧವಾಗಿ ಯಾರಾದರೂ ಮಾತಾಡಿಸಿದರೆ ನನಗೆ ಪರೀಕ್ಷೆಗೆ ಕೂತ ಹಾಗೆ ಆಗುತ್ತದೆ.

ಮದುವೆ ಮುಗಿಯಿತು. ಊಟದ ಬಗ್ಗೆ ಬರೆಯಲು ಹೋದರೆ ಬಾಟ್ಲಿ ಮರೆತುಹೋಗುತ್ತದೆ. ಮಧ್ಯಾಹ್ನ ಸ್ಟೇಟ್ ಬ್ಯಾಂಕಲ್ಲಿ ಇಳಿದು ಸೋಡಾ ಅಂಗಡಿಯವರನ್ನು ಕೇಳಿದೆ: "ಸಮುದ್ರ ಎಲ್ಲಿ?"

"ಯಾವ ಸಮುದ್ರ?"

ಇಂಥ ಪ್ರಶ್ನೆ ಬರುತ್ತದೆ ಅಂತ ನಾನು ಎಣಿಸಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ.

"ಪಣಂಬೂರಾ? ತಣ್ಣೀರುಬಾವಿಯಾ? ಸೋಮೇಶ್ವರಕ್ಕೂ ಬಸ್ಸುಂಟು."

ಬೆಳಗ್ಗೆಯಿಂದ ಊರು ಸುತ್ತಿದ್ದೆ, ಎಲ್ಲೂ ಸಮುದ್ರ ಕಂಡಿರಲಿಲ್ಲ. ಹಂಪನಕಟ್ಟೆಯಲ್ಲಿ ಏರು, ಇಳಿದರೆ ತಿರುವು, ತಿರುಗಿದರೆ ಇನ್ನೊಂದು ಏರು. ಬಾವುಟಗುಡ್ಡೆ ಹತ್ತಿದಾಗ ದೂರದಲ್ಲಿ ಬೆಳ್ಳಗೆ ಒಂದು ಗೆರೆ ಕಂಡಿತು. ಗೆರೆಯಿಂದ ಬಾಟ್ಲಿ ತುಂಬುವುದಿಲ್ಲವಲ್ಲ. ದಾರಿಯಲ್ಲಿ ಹಳೇ ಹೆಂಚಿನ ಮನೆಗಳನ್ನು ನೋಡಿ ನಮ್ಮ ಮನೆ ನೆನಪಾಯಿತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದರು. ನಮ್ಮ ತಾತ ಹಾಕಿಸಿದ್ದೂ ಮಂಗಳೂರು ಹೆಂಚೇ. ಇಲ್ಲಿನ ಮಣ್ಣು ನಮ್ಮ ತಲೆಯ ಮೇಲೆ ಯಾವತ್ತೋ ಬಂದು ಕೂತಿದೆ, ನೀರು ಮಾತ್ರ ಬರಲಿಲ್ಲ.

ಸೋಡಾ ಅಂಗಡಿಯವರನ್ನು ಪೂರ್ತಿ ನಂಬದೆ ಇಳಿಜಾರು ಹಿಡಿದು ಬಂದರಿನ ಕಡೆ ನಡೆದೆ. ನೀರು ಇಳಿಜಾರಿನಲ್ಲಿ ಇರಲೇಬೇಕು, ಇದು ಕೆರೆ ಊರಿನವನ ತರ್ಕ. ಗೋಡೌನುಗಳು, ಮೀನಿನ ವಾಸನೆ, ಧಕ್ಕೆಯಲ್ಲಿ ಸಾಲಾಗಿ ಬೋಟುಗಳು. ಕೊನೆಗೂ ನೀರು! ಮೆಟ್ಟಿಲ ಮೇಲೆ ಕೂತು ಬಾಟ್ಲಿ ಬಗ್ಗಿಸಿದೆ. ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು, "ಎಂತ ಮಾಡ್ತಿದ್ದೀರಿ?" ಅಂದರು. ವಿಷಯ ಹೇಳಿದೆ.

"ಇದು ಸಮುದ್ರ ಅಲ್ಲ ಮಾರಾಯ್ರೆ. ನದಿ."

"ಉಪ್ಪಿದೆಯಲ್ಲ?"

"ಉಪ್ಪುಂಟು. ಸಮುದ್ರ ಅಲ್ಲ."

ಅವರೇ ಕೈ ಆಡಿಸಿ ತೋರಿಸಿದರು. ಆ ಕಡೆಯಿಂದ ನೇತ್ರಾವತಿ, ಈ ಕಡೆಯಿಂದ ಗುರುಪುರ ಹೊಳೆ. ಎರಡೂ ಸೇರಿ ಅಳಿವೆಯಲ್ಲಿ ಸಮುದ್ರಕ್ಕೆ ಬೀಳುತ್ತವೆ. ಗುರುಪುರ ಹೊಳೆ ಮಾತ್ರ ಬಂದ ಕೂಡಲೇ ಸಮುದ್ರಕ್ಕೆ ನುಗ್ಗುವುದಿಲ್ಲ, ಊರಿನ ಪಕ್ಕದಲ್ಲೇ ದಕ್ಷಿಣಕ್ಕೆ ತಿರುಗಿ ಹರಿಯುತ್ತದೆ. ಅದಕ್ಕೂ ಸಮುದ್ರಕ್ಕೂ ನಡುವೆ ಬೆಂಗ್ರೆ, ತಣ್ಣೀರುಬಾವಿಯ ಮರಳಿನ ಪಟ್ಟಿ. ಊರು ಹೊಳೆಯ ಈಚೆ, ಸಮುದ್ರ ಮರಳಿನ ಆಚೆ. ನನ್ನ ತಲೆಯ ಏರಿ ನಿಜವಾಗಿಯೂ ಇತ್ತು ಅನ್ನಿ, ಮರಳಿನದ್ದು. ಅದನ್ನು ಹತ್ತಬೇಕಾದರೆ ಮೊದಲು ಹೊಳೆ ದಾಟಬೇಕು.

ಆಟೋ ಹಿಡಿದೆ. ಡ್ರೈವರ್ ಕೇಳದೆಯೇ ಮೀಟರ್ ಹಾಕಿದ. ಬೆಂಗಳೂರಿನ ಆಟೋ ಅಭ್ಯಾಸದ ನನಗೆ ಅನುಮಾನವೇ ಬಂತು. ಬೋಳೂರಿನ ಸುಲ್ತಾನ್ ಬತ್ತೇರಿಯಲ್ಲಿ ಇಳಿಸಿದ. ಹೊಳೆಯೊಳಗೆ ಯುದ್ಧದ ಹಡಗು ನುಗ್ಗದಿರಲಿ ಅಂತ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು. ಟಿಪ್ಪುವಿನ ಅಪ್ಪ ಹೈದರಾಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. ನಮ್ಮ ಜಿಲ್ಲೆಯ ಸಂಬಂಧದವರು ನನಗಿಂತ ಮೊದಲೇ ಬಂದು ಇಲ್ಲಿ ನೀರು ಕಾದಿದ್ದಾರೆ ಅಂತ ಸ್ವಲ್ಪ ಬೀಗಿದೆ.

ಅಲ್ಲಿಂದ ಚಿಲ್ಲರೆ ಕಾಸಿಗೆ ದೋಣಿ. ಸೈಕಲ್ಲು, ತರಕಾರಿ ಚೀಲ, ಶಾಲೆ ಮಕ್ಕಳು, ನಾನು. ಆಚೆ ದಡದಲ್ಲಿ ಇಳಿದು ಗಾಳಿಮರಗಳ ನಡುವೆ ನಡೆದರೆ ಮೊದಲು ಸದ್ದು ಬಂತು, ಆಮೇಲೆ ಗಾಳಿ, ಆಮೇಲೆ ಅದು.

ಸುಮ್ನೆ ನಿಂತೆ. ಇದು ಎಲ್ಲಿ ಕೋಡಿ ಹೋಗುತ್ತದೆ ಅಂತ ಕಣ್ಣು ತಾನಾಗಿಯೇ ಹುಡುಕಿತು. ಬಾಟ್ಲಿ ಹಿಡಿದು ಬಗ್ಗಿದರೆ ನೀರು ಓಡಿಹೋಯಿತು. ನಾಲ್ಕು ಹೆಜ್ಜೆ ಹಿಂದೆ ಹೋದೆ, ಅಟ್ಟಿಸಿಕೊಂಡು ಬಂದು ಸೊಂಟದವರೆಗೆ ನೆನೆಸಿತು. ಮದುವೆಯ ಪ್ಯಾಂಟು. ಮೂರನೇ ಸಲಕ್ಕೆ ಮುಕ್ಕಾಲು ಬಾಟ್ಲಿ ನೀರು, ಕಾಲು ಬಾಟ್ಲಿ ಮರಳು ಸಿಕ್ಕಿತು.

ವಾಪಸು ದೋಣಿಯಲ್ಲಿ ಪಕ್ಕದಲ್ಲಿ ಕೂತವರು ಬಾಟ್ಲಿ ನೋಡಿದರು. "ನಿಮಗೆ ಯಾವೂರಾಯ್ತು?"

"ಕೋಲಾರ."

ಅವರು ಒಂದು ಗಳಿಗೆ ಸುಮ್ಮನಿದ್ದು, "ಪೈಪು ಸಾಕಾಗಲಿಲ್ಲ ಅಂತ ಈಗ ಬಾಟ್ಲಿಯಲ್ಲೂ ಕೊಂಡುಹೋಗ್ತೀರಾ?" ಅಂದರು. ದೋಣಿಯೆಲ್ಲ ನಕ್ಕಿತು.

ನಾನೂ ನಕ್ಕೆ. ಎತ್ತಿನಹೊಳೆಯ ಮಾತು ಅದು. ನೇತ್ರಾವತಿಗೆ ಸೇರುವ ಹೊಳೆಗಳಿಂದ 24 ಟಿಎಂಸಿ ನೀರೆತ್ತಿ ನಮ್ಮ ಕಡೆಗೆ ತರುವ ಯೋಜನೆ. 2014ರಲ್ಲಿ ಶಂಕುಸ್ಥಾಪನೆ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆ. ನಾನು ಆ ದೋಣಿಯಲ್ಲಿ ಕೂತದ್ದು ಅದೇ ಡಿಸೆಂಬರಿನಲ್ಲಿ, ಕೋಲಾರಕ್ಕೆ ಒಂದು ಹನಿಯೂ ಬಂದಿರಲಿಲ್ಲ. "ಸದ್ಯಕ್ಕೆ ಬರ್ತಿರೋದು ಬೆಂಗಳೂರಿನವರು ಬಳಸಿ ಬಿಟ್ಟ ನೀರು ಸಾರ್, ಶುದ್ಧ ಮಾಡಿ ನಮ್ಮ ಕೆರೆಗೆ ಬಿಡ್ತಾರೆ. ಬೋರ್ ತೆಗೆಸಿದ್ರೆ 1,500 ಅಡಿ ಹೋದ್ರೂ ಬರೀ ಧೂಳು" ಅಂದೆ. ಅವರು ನಗು ನಿಲ್ಲಿಸಿದರು. "ಇಲ್ಲಿಯೂ ಮಾರ್ಚ್ ಆದರೆ ಬಾವಿ ತಳ ಕಾಣ್ತದೆ. ಮಳೆಗಾಲದಲ್ಲಿ ನೋಡಿದವರಿಗೆ ಅದು ಗೊತ್ತಾಗುವುದಿಲ್ಲ" ಅಂದರು. ದಡ ಬಂದಾಗ ನಾನು ಜಾರುತ್ತೇನೆ ಅಂತ ಬಾಟ್ಲಿಯನ್ನು ಅವರೇ ಹಿಡಿದುಕೊಂಡು, ನಾನು ಇಳಿದ ಮೇಲೆ ಕೊಟ್ಟರು.

ಮನೆಗೆ ಬಂದು ಅಮ್ಮನ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು. ಬೆರಳಿಗೆ ಒಂದು ಹನಿ ತಗೊಂಡು ನಾಲಗೆಗೆ ಮುಟ್ಟಿಸಿದರು.

"ನಮ್ಮ ಬೋರ್ ನೀರಿಗಿಂತ ಒಂಚೂರು ಜಾಸ್ತಿ ಉಪ್ಪು, ಅಷ್ಟೇ."

ವಿಷಯ ಹೇಗೆ ಹಬ್ಬಿತೋ ಗೊತ್ತಿಲ್ಲ. ಸಂಜೆ ಹೊತ್ತಿಗೆ ಎದುರು ಮನೆಯವರು ಒಂದು ಲೋಟ ಹಿಡಿದು ಬಂದರು, ಅವರ ಹಿಂದೆ ಮೂಲೆ ಮನೆಯವರು, ಅವರ ಹಿಂದೆ ಇನ್ನಿಬ್ಬರು. ಟ್ಯಾಂಕರ್ ಬಂದಾಗ ನಿಲ್ಲುವ ಹಾಗೇ ಸಾಲಾಗಿ ನಿಂತರು. ಅಮ್ಮ ಬಾಗಿಲಲ್ಲಿ ಕೂತು, ಮರಳು ಕದಡದ ಹಾಗೆ ಬಾಟ್ಲಿಯನ್ನು ಓರೆ ಮಾಡಿ, ಮನೆಗೆ ಎರಡು ಮುಚ್ಚಳದಂತೆ ಅಳೆದು ಹಾಕುತ್ತಿದ್ದರು.