ಗೂಗಲಿಸು ಅಂದರೆ ನಗುವುದೇಕೆ?

ಮಾಸ್ಕೋಗೆ ಬಂದ ಮೊದಲ ಚಳಿಗಾಲ. ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ, ಐವತ್ತು ದಾಟಿದ ಪ್ರೋಗ್ರಾಮರ್ ಒಬ್ಬರು ನನ್ನ ಕಡೆ ತಿರುಗಿ ಏನೋ ಅಂದರು. ಪುಸ್ತಕ ಇಟ್ಟುಕೊಂಡು ಕಲಿತ ನನ್ನ ರಷ್ಯನ್ನಿಗೆ ಅರ್ಥ ಆಗಿದ್ದು ಇಷ್ಟು: ‘ಆ ಫೈಲನ್ನ ನನ್ನ ಸೋಪಿನ ಮೇಲೆ ಎಸೆ.’ ನಾನು ಕಣ್ಣುಕಣ್ಣು ಬಿಟ್ಟೆ. ಮೀಲ ಅಂದರೆ ಸೋಪು. ಇಂಗ್ಲಿಷಿನ ಮೇಲ್ ಕೇಳುವುದಕ್ಕೆ ಹೆಚ್ಚುಕಡಿಮೆ ಹಾಗೇ ಇದೆಯಲ್ಲ, ಅದಕ್ಕೇ ಇಮೇಲಿಗೆ ಸೋಪು ಅಂತ ಅಡ್ಡಹೆಸರು. ಸರಿ, ವಿಳಾಸ ಹೇಳಿ ಅಂದೆ. ತಮ್ಮ ಹೆಸರು ಹೇಳಿ ‘ನಾಯಿ, ಯಾಂಡೆಕ್ಸ್, ಚುಕ್ಕಿ, ರು’ ಅಂದರು. (ಯಾಂಡೆಕ್ಸ್ ಅಂದರೆ ಇಲ್ಲಿಯವರ ಗೂಗಲ್ ಇದ್ದ ಹಾಗೆ.) ನಾವು ಅಟ್ ಅನ್ನುವ ಗುರುತು ಇಲ್ಲಿ ಸಬಾಕ, ಅಂದರೆ ನಾಯಿ. ಬ್ಯಾಂಕಿನಲ್ಲೂ ನಾಯಿ, ಡಾಕ್ಟರ ಹತ್ತಿರವೂ ನಾಯಿ. ಯಾರೂ ನಗುವುದಿಲ್ಲ.

ಸೋಪು ಈಗ ಸ್ವಲ್ಪ ಹಳೇ ತಲೆಗಳ ಮಾತು, ಹುಡುಗರ ಬಾಯಲ್ಲಿ ಕಡಿಮೆ. ನಾಯಿ ಮಾತ್ರ ಗಟ್ಟಿಯಾಗಿ ನಿಂತಿದೆ. ಇಂಥವು ಇನ್ನೂ ಇವೆ. ಹಾರ್ಡ್‌ವೇರ್ ಅಂದರೆ ಜೆಲೇಜ, ಕಬ್ಬಿಣ. ಕಂಪ್ಯೂಟರ್ ಬಾರದವನು ಚಾಯ್ನಿಕ್, ಟೀ ಕಾಯಿಸುವ ಕೆಟಲ್ಲು. ಡೌನ್‌ಲೋಡ್ ಮಾಡುವುದಕ್ಕೆ ಸ್ಕಚಾತ್, ಪಂಪು ಹೊಡೆದು ಎತ್ತಿಕೊಳ್ಳುವುದು. ನಮ್ಮ ದಾವಣಗೆರೆ ಕಡೆ ಬೋರಿಂಗ್ ಹೊಡೆದು ಕೊಡ ತುಂಬಿಸುತ್ತಿದ್ದೆವಲ್ಲ, ಹಾಗೆ. ಮೊದಲೆಲ್ಲ ಇಂಟರ್‌ನೆಟ್ ಇದ್ದ ಸ್ಪೀಡಿಗೆ ಈ ಪದ ಎಷ್ಟು ಸರಿಯಾಗಿತ್ತು ಅಂತ ಆಗ ಕಾದು ಕೂತವರಿಗೇ ಗೊತ್ತು.

ಹಾಗಂತ ರಷ್ಯನ್ನರು ಎಲ್ಲವನ್ನೂ ಚೆಂದವಾಗಿ ಅನುವಾದ ಮಾಡಿಕೊಂಡಿದ್ದಾರೆ ಅಂತಲ್ಲ. ಸೋವಿಯತ್ ಕಾಲದಲ್ಲಿ ಕಂಪ್ಯೂಟರಿಗೆ ಅವರದೇ ಹೆಸರಿತ್ತು: ಎಲೆಕ್ಟ್ರಾನಿಕ್ ಲೆಕ್ಕದ ಯಂತ್ರ ಅನ್ನುವ ಅರ್ಥದ ಮೂರು ಪದ, ಚಿಕ್ಕದಾಗಿ ಇವಿಎಂ. (ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ‘ಅಲ್ಲೂ ಅದರದ್ದೇ ಗಲಾಟೆಯಾ’ ಅಂದರು.) ಯಂತ್ರ ಅವರದು, ಹೆಸರೂ ಅವರದು. ಪರ್ಸನಲ್ ಕಂಪ್ಯೂಟರ್ ಮನೆಮನೆಗೆ ಬಂದಾಗ ಜನ ಸುಮ್ನೆ ‘ಕಂಪ್ಯೂತೆರ್’ ಅಂದರು, ಇನ್ನೂ ಸೋಮಾರಿಗಳು ‘ಕೋಂಪ್’ ಅಂದರು. ಇವಿಎಂ ಈಗ ಉಳಿದಿರುವುದು ಕಾನೂನಿನ ಪುಸ್ತಕದಲ್ಲಿ. ರಷ್ಯಾದ ಸಿವಿಲ್ ಕೋಡ್‌ನಲ್ಲಿ ಇವತ್ತಿಗೂ ಸಾಫ್ಟ್‌ವೇರ್ ಅಂದರೆ ‘ಇವಿಎಂಗಾಗಿ ಇರುವ ಪ್ರೋಗ್ರಾಂ’. ಓದಿದ ತಕ್ಷಣ ನನಗೆ ನಮ್ಮ ಗಣಕಯಂತ್ರ ನೆನಪಾಯಿತು. ಅದೂ ಹೀಗೇ ಅಲ್ವಾ? ಪಹಣಿ ಗಣಕೀಕೃತ, ಅದನ್ನು ಪ್ರಿಂಟ್ ತೆಗೆದುಕೊಡುವ ಹುಡುಗ ಮಾತ್ರ ‘ಕಂಪ್ಯೂಟರ್ ಕೆಟ್ಟೈತಿ, ನಾಳೆ ಬರ್ರಿ’ ಅನ್ನುತ್ತಾನೆ.

ಇಲ್ಲಿಯವರೆಗೆ ಎರಡೂ ಕಡೆ ಕತೆ ಒಂದೇ. ವ್ಯತ್ಯಾಸ ಇರುವುದು ಬೇರೆ ಕಡೆ, ಕ್ರಿಯಾಪದದಲ್ಲಿ. ನನಗೆ ಹೊಟ್ಟೆಕಿಚ್ಚು ಹುಟ್ಟಿಸುವುದೂ ಅದೇ.

ಗೂಗಲ್ ಅನ್ನುವ ಪದವನ್ನೇ ತಗೊಳ್ಳಿ. ರಷ್ಯನ್ನರು ಅದಕ್ಕೆ ತಮ್ಮ ಬಾಲ ಅಂಟಿಸಿ ಗುಗ್ಲಿತ್ ಅಂತ ಮಾಡಿಕೊಂಡರು. ಆಮೇಲೆ ಅದರ ತಲೆಗೆ ತಮ್ಮ ಭಾಷೆಯ ಟೋಪಿಗಳನ್ನು ಒಂದೊಂದಾಗಿ ಹಾಕಿದರು. ಪಗುಗ್ಲಿತ್ ಅಂದರೆ ಸ್ವಲ್ಪ ಹುಡುಕಿ ನೋಡುವುದು. ಜಗುಗ್ಲಿತ್ ಅಂದರೆ ಹುಡುಕಿಬಿಡುವುದು, ಉತ್ತರ ತೆಗೆದು ಕೆಲಸ ಮುಗಿಸುವುದು. ನಗುಗ್ಲಿತ್ ಅಂದರೆ ಹುಡುಕಿ ಏನಾದರೂ ದಕ್ಕಿಸಿಕೊಳ್ಳುವುದು (ಇದರೊಳಗೊಂದು ನಗು ಇದೆ, ಅವರಿಗೆ ಗೊತ್ತಿಲ್ಲ ಅಷ್ಟೆ). ಹುಡುಕಿದವನು ಗಂಡಸಾದರೆ ಗುಗ್ಲಿಲ್, ಹೆಂಗಸಾದರೆ ಗುಗ್ಲಿಲ. ನಮ್ಮ ಟೀಮಿನಲ್ಲಿ ಬೆಳಗಿನ ಮೀಟಿಂಗ್ ಪೂರ್ತಿ ಹೀಗೇ ನಡೆಯುತ್ತದೆ. ಡಿಪ್ಲಾಯ್, ಅಂದರೆ ಬರೆದ ಪ್ರೋಗ್ರಾಂ ಬಳಕೆಗೆ ಬಿಡುವ ಕೆಲಸ, ಮಾಡಿ ಮುಗಿಸಿದವನು ‘ಜದಿಪ್ಲೋಯಿಲ್’ ಅನ್ನುತ್ತಾನೆ. ಬೇರು ಇಂಗ್ಲಿಷ್, ಉಳಿದದ್ದೆಲ್ಲ ಅಪ್ಪಟ ರಷ್ಯನ್.

ಈಗ ನಾವು. ಗೂಗಲ್ ಮಾಡು, ಡೌನ್‌ಲೋಡ್ ಮಾಡು, ಡಿಲೀಟ್ ಮಾಡು, ಹ್ಯಾಂಗ್ ಆಗಿದೆ. ಇಂಗ್ಲಿಷ್ ಪದವನ್ನು ಮೈಲಿಗೆ ಬಟ್ಟೆ ಥರ ಕಡ್ಡಿಯಲ್ಲಿ ಎತ್ತಿ, ಪಕ್ಕದಲ್ಲಿ ಒಂದು ‘ಮಾಡು’ ಇಟ್ಟು ಕೈ ತೊಳೆದುಕೊಳ್ಳುತ್ತೇವೆ. ಇದು ಕನ್ನಡದ ದೌರ್ಬಲ್ಯ ಅಂತ ಬಹಳ ದಿನ ಅಂದುಕೊಂಡಿದ್ದೆ. ನಿಧಾನಕ್ಕೆ ಯೋಚಿಸಿದರೆ ಹಾಗಲ್ಲ. ರಷ್ಯನ್ನರು ಪದದ ಮುಂದೆ ಅಂಟಿಸುವ ಅರ್ಥವನ್ನೇ ನಾವು ಹಿಂದೆ ಅಂಟಿಸುತ್ತೇವೆ. ಹುಡುಕಿ ನೋಡು, ಹುಡುಕಿಬಿಡು, ಹುಡುಕಿಕೊ. ಅವರ ಪ, ಜ, ನ ಮೂರಕ್ಕೂ ಬೇಕಾದದ್ದು ನಮ್ಮಲ್ಲಿ ಮೊದಲೇ ಇದೆ.

ಬಾಲವೂ ಇದೆ. ‘ಇಸು’ ಇರುವುದು ಇದೇ ಕೆಲಸಕ್ಕೆ. ಸಂಸ್ಕೃತದಿಂದ ಬಂದ ಪ್ರಯತ್ನಕ್ಕೆ ಅಂಟಿಸಿ ಪ್ರಯತ್ನಿಸು ಮಾಡಿದೆವು. ಉರ್ದು-ಹಿಂದೂಸ್ತಾನಿ ಕಡೆಯಿಂದ ಬಂದವಕ್ಕೆ ಸ್ವಲ್ಪ ಎಳೆದು ಬದಲಾಯಿಸು, ಜಮಾಯಿಸು ಮಾಡಿದೆವು. ಇವತ್ತು ಬದಲಾಯಿಸು ಅನ್ನುವಾಗ ಯಾರಾದರೂ ನಗುತ್ತಾರಾ? ಪೇಪರಿನವರು ‘ಫೋಟೊ ಕ್ಲಿಕ್ಕಿಸಿದರು’ ಅಂತ ಬರೆದು ಎಷ್ಟು ಕಾಲವಾಯಿತು! ಅದೇ ಗೂಗಲಿಸು, ಫೋನಾಯಿಸು ಅಂದರೆ ಮಾತ್ರ ಏನೋ ತಮಾಷೆಗೆ ಹೇಳಿದ ಹಾಗೆ. ಬರೆಯುವವರೂ ಕಣ್ಣು ಮಿಟುಕಿಸಿಯೇ ಬರೆಯುತ್ತಾರೆ.

ನನಗೆ ಅನಿಸುವುದು, ನಮ್ಮ ಜಗಳ ಯಾವಾಗಲೂ ನಾಮಪದದ ಮೇಲೆ. ತಂತ್ರಾಂಶ ಅನ್ನಬೇಕಾ ಸಾಫ್ಟ್‌ವೇರ್ ಅನ್ನಬೇಕಾ, ಮೊಬೈಲಾ ಜಂಗಮವಾಣಿಯಾ. ಸಾಫ್ಟ್‌ವೇರ್‌ಗೆ ರಷ್ಯನ್ನಿನಲ್ಲೂ ‘ಪ್ರಗ್ರಾಮ್ನಯ ಅಬೆಸ್ಪೆಚೇನಿಯೆ’ ಅನ್ನುವ ರೈಲುಗಾಡಿ ಇದೆ, ಕಡತಕ್ಕೆ ಸರಿ, ಮಾತಿನಲ್ಲಿ ‘ಸೋಫ್ತ್’. ಅದಕ್ಕೆ ಯಾರೂ ತಲೆ ಕೆಡಿಸಿಕೊಂಡಿಲ್ಲ. 19ನೇ ಶತಮಾನದಲ್ಲಿ ದೊಡ್ಡ ನಿಘಂಟು ಮಾಡಿದ ವ್ಲದೀಮಿರ್ ದಾಲ್ ಕೂಡ ಹೊರಗಿನ ಪದಗಳಿಗೆ ಬದಲಿ ಹುಡುಕಿದವರು. ಹೊರೈಜನ್‌ಗೆ ಆಕಾಶ, ಭೂಮಿ ಎರಡನ್ನೂ ಸೇರಿಸಿ ನೆಬಜ್ಯೋಮ್ ಅಂದರು. ಚೆಂದದ ಪದ, ಆದರೂ ನಿಲ್ಲಲಿಲ್ಲ. ದಾಲ್ ಮಾಡಿದ್ದಲ್ಲದಿದ್ದರೂ ನಿಂತ ಪದ ಅಂದರೆ ವಿಮಾನಕ್ಕೆ ಸಮಲ್ಯೋತ್, ‘ತಾನೇ ಹಾರುವುದು’. ಅಜ್ಜಿ ಕತೆಯ ಹಾರುವ ಚಾಪೆಗೆ ಮೊದಲೇ ಆ ಹೆಸರಿತ್ತು, ಮಕ್ಕಳ ಬಾಯಲ್ಲೂ ಇತ್ತು.

2023ರಲ್ಲಿ ಇಲ್ಲಿ ರಾಜ್ಯಭಾಷೆಯ ಕಾನೂನನ್ನು ತಿದ್ದಿ, ರಷ್ಯನ್ನಿನಲ್ಲಿ ಬಳಕೆಯ ಪದ ಇರುವ ಕಡೆ ಸರ್ಕಾರಿ ಬರಹದಲ್ಲಿ ವಿದೇಶಿ ಪದ ಬಳಸುವ ಹಾಗಿಲ್ಲ ಅಂದರು. ಮರುವರ್ಷ ನಮ್ಮಲ್ಲಿ ಬೋರ್ಡಿನಲ್ಲಿ ಶೇ 60 ಕನ್ನಡ ಅನ್ನುವ ಕಾನೂನು ಬಂತು. ನಮ್ಮ ಬೋರ್ಡಿನ ಮಾತಿಗೆ ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಕಾನೂನು ಬಂತು ಅಂತ ನಮ್ಮ ಮೀಟಿಂಗಿನಿಂದ ಜದಿಪ್ಲೋಯಿಲ್ ಹೋಗಿಲ್ಲ, ಹೋಗುವ ಲಕ್ಷಣವೂ ಇಲ್ಲ.

ನಮ್ಮ ಜನಕ್ಕೂ ಈ ಕೈಚಳಕ ಗೊತ್ತು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಪ್ರೀಪೇಡ್ ಫೋನ್ ಬಂದಾಗ ರೀಚಾರ್ಜಿಗೆ ನಮ್ಮವರು ಏನಂದರು? ‘ಕರೆನ್ಸಿ ಹಾಕಿಸು.’ ಇಂಗ್ಲಿಷಿನಲ್ಲಿ ನೋಟಿಗೆ ಇದ್ದ ಪದವನ್ನು ಎತ್ತಿ ಫೋನಿನೊಳಗೆ ಹಾಕಿಸಿದರು. ಯಾವ ಸಮಿತಿಯೂ ಕೂತಿರಲಿಲ್ಲ. ಇದನ್ನು ಆಫೀಸಿನ ಸೋಪಿನ ಮನುಷ್ಯರಿಗೆ ವಿವರಿಸಿದೆ. ಅವರಿಗೆ ಎಷ್ಟು ಹಿಡಿಸಿತು ಅಂದರೆ ಎರಡು ಸಲ ಹೇಳಿಸಿದರು.

ಅಲ್ಲಿಂದ ನಾನೂ ಶುರುಮಾಡಿದ್ದೇನೆ. ಹೋದ ತಿಂಗಳು ಕರೆಂಟ್ ಬಿಲ್ಲಿನ ವಿಷಯಕ್ಕೆ ಮನೆಯ ವಾಟ್ಸಾಪ್ ಗುಂಪಿನಲ್ಲಿ ‘ಸ್ಕ್ರೀನ್‌ಶಾಟಿಸಿ ಕಳಿಸಿ’ ಅಂತ ಬರೆದೆ. ತಮ್ಮ ಹೊಟ್ಟೆ ಹಿಡಿದು ನಗುವ ಎಮೋಜಿ ಸಾಲಾಗಿ ಹಾಕಿದ. ಅತ್ತಿಗೆ, ‘ರಷ್ಯಾದಾಗ ಕನ್ನಡ ಮರೆತೀರೇನು’ ಅಂದರು. ಅಮ್ಮ ನಗಲಿಲ್ಲ. ಯಾವ ಬಟನ್ ಒತ್ತಬೇಕು ಅಂತ ಕೇಳಿದಳು.