ವಾಷಿಂಗ್ಟನ್ನಿನ ಏಕಾದಶಿ

ಏಕಾದಶಿಯ ಉಪವಾಸ ಗೊತ್ತಲ್ಲ? ಅನ್ನ ಮುಟ್ಟುವಂತಿಲ್ಲ. ಆದರೆ ಉಪ್ಪಿಟ್ಟು ಅನ್ನವಲ್ಲ, ಅವಲಕ್ಕಿ ಅನ್ನವಲ್ಲ, ಸಜ್ಜಿಗೆಯಂತೂ ಅಲ್ಲವೇ ಅಲ್ಲ. ಹೀಗಾಗಿ ಉಪವಾಸದ ದಿನವೇ ಎರಡು ತುತ್ತು ಹೆಚ್ಚಿಗೆ ಇಳಿಯುತ್ತದೆ. ಈ ವ್ರತವನ್ನು ನಮಗಿಂತ ಶ್ರದ್ಧೆಯಿಂದ ಆಚರಿಸುವವರು ಅಮೆರಿಕದ ಶ್ವೇತಭವನದಲ್ಲಿದ್ದಾರೆ.

2008ರಲ್ಲಿ ಆ ದೇಶ ಬಾಲಸೈನಿಕರ ತಡೆ ಕಾಯ್ದೆ ಮಾಡಿತು. ಮಕ್ಕಳ ಹೆಗಲಿಗೆ ಬಂದೂಕು ಏರಿಸುವ ಸರ್ಕಾರಗಳ ಪಟ್ಟಿಯನ್ನು ವಿದೇಶಾಂಗ ಇಲಾಖೆ ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಪಟ್ಟಿಯಲ್ಲಿದ್ದವರಿಗೆ ಮಿಲಿಟರಿ ನೆರವು ಬಂದ್. ಪುಣ್ಯದ ಕೆಲಸ. ಕೊನೆಗೊಂದು ಪುಟ್ಟ ಕಲಮು: ರಾಷ್ಟ್ರೀಯ ಹಿತಾಸಕ್ತಿ ಕಂಡುಬಂದರೆ ಅಧ್ಯಕ್ಷರು ನಿಷೇಧವನ್ನು ಬದಿಗಿಡಬಹುದು. ಉಪ್ಪಿಟ್ಟು ಬೆಂದದ್ದು ಅಲ್ಲಿಯೇ.

2010ರ ಮೊದಲ ಪಟ್ಟಿಯಲ್ಲಿ ಆರು ಹೆಸರುಗಳಿದ್ದವು. ಚಾಡ್, ಕಾಂಗೋ, ಸುಡಾನ್, ಯೆಮನ್ ನಾಲ್ಕಕ್ಕೂ ಒಬಾಮಾ ವಿನಾಯಿತಿ ಕೊಟ್ಟರು. ಇದಿನ್ನೂ ಮೊದಲ ವರ್ಷ, ತಿದ್ದಿಕೊಳ್ಳಲು ಸಮಯ ಬೇಡವೇ ಎಂಬುದು ಸಮಜಾಯಿಷಿ. ವಿನಾಯಿತಿ ಸಿಗದೆ ಉಳಿದ ಎರಡರಲ್ಲಿ ಒಂದು ಮ್ಯಾನ್ಮಾರ್. ಅಮೆರಿಕದಿಂದ ಅದಕ್ಕೆ ಮಿಲಿಟರಿ ನೆರವೇ ಇರಲಿಲ್ಲ. ಪಂಕ್ತಿಗೇ ಬಾರದವನಿಗೆ ನಿರ್ಜಲ ಉಪವಾಸ ವಿಧಿಸಿ ಕಾಯ್ದೆ ತನ್ನ ಮಾನ ಉಳಿಸಿಕೊಂಡಿತು.

ದಕ್ಷಿಣ ಸುಡಾನಿನ ಕಥೆ ಇನ್ನೂ ಸೊಗಸು. 2011ರ ಪಟ್ಟಿ ಜೂನ್ ತಿಂಗಳಲ್ಲಿ ಬಂತು, ದೇಶ ಹುಟ್ಟಿದ್ದು ಜುಲೈ 9ರಂದು. ಹುಟ್ಟದ ದೇಶವನ್ನು ಪಟ್ಟಿಗೆ ಸೇರಿಸುವುದು ಹೇಗೆ? ಸೈನಿಕರ ವಯಸ್ಸು ಹಾಗಿರಲಿ, ದೇಶವೇ ಅಪ್ರಾಪ್ತವಾಗಿತ್ತು. ಮರುವರ್ಷ ಹೆಸರು ಸೇರಿತು. ವಿನಾಯಿತಿಯೂ ಬೆನ್ನಿಗೇ ಬಂತು. 2012ರ ಸೆಪ್ಟೆಂಬರ್ 25ರಂದು ಒಬಾಮಾ ನ್ಯೂಯಾರ್ಕಿನ ವೇದಿಕೆಯಲ್ಲಿ ನಿಂತು, ಹುಡುಗನನ್ನು ಅಪಹರಿಸಿ ಸೈನಿಕನನ್ನಾಗಿ ಮಾಡುವುದು ಗುಲಾಮಗಿರಿಯೇ ಸರಿ ಎಂದು ಮನ ಕರಗುವಂತೆ ಮಾತನಾಡಿದರು. ವಿನಾಯಿತಿಗೆ ಸಹಿ ಬಿದ್ದದ್ದು 28ರಂದು. ನಡುವೆ ಮೂರು ದಿನ. ಕಣ್ಣೀರು ಆರಲು ಸಾಕು.

ನೆರವು ನಿಂತರೆ ಆ ಸೈನ್ಯಗಳಿಗೆ ಶಿಸ್ತು ಕಲಿಸುವವರು ಯಾರು ಎಂದು ಕೇಳುತ್ತಾರೆ. ಮಗುವನ್ನು ಚಿವುಟುವವನಿಗೆ ತೊಟ್ಟಿಲು ತೂಗುವ ತರಬೇತಿ, ತೊಟ್ಟಿಲಿನ ಖರ್ಚೂ ನಮ್ಮದೇ! ಶಿಷ್ಯ ಎಷ್ಟು ಕಲಿತ ಎಂಬುದಕ್ಕೆ ಅಂಕಪಟ್ಟಿಯೂ ಇದೆ: 2013ರ ಕೊನೆಗೆ ದಕ್ಷಿಣ ಸುಡಾನಿನಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು, ಕೆಲವೇ ತಿಂಗಳಲ್ಲಿ ಎರಡೂ ಕಡೆ ಸೇರಿ 9,000ಕ್ಕಿಂತ ಹೆಚ್ಚು ಮಕ್ಕಳು ಕಾಳಗದಲ್ಲಿದ್ದಾರೆಂದು ವಿಶ್ವಸಂಸ್ಥೆ ಅಂದಾಜು ಮಾಡಿತು.

ಪಕ್ಷ ಬದಲಾದರೆ ವ್ರತ ಬದಲಾದೀತೆಂದು ಭ್ರಮಿಸಬೇಡಿ. 2017ರಲ್ಲಿ ಟ್ರಂಪ್ ಅವರ ವಿದೇಶಾಂಗ ಕಾರ್ಯದರ್ಶಿ ಟಿಲ್ಲರ್‌ಸನ್, ವಿನಾಯಿತಿ ಪತ್ರದ ಶ್ರಮವಾದರೂ ಯಾಕೆ ಎಂಬಂತೆ, ಇರಾಕ್ ಮತ್ತು ಮ್ಯಾನ್ಮಾರ್‌ಗಳನ್ನು ಪಟ್ಟಿಯಿಂದಲೇ ತೆಗೆದರು. ಅವರ ಇಲಾಖೆಯ ಅಧಿಕಾರಿಗಳೇ ಆಕ್ಷೇಪಿಸಿ ಪತ್ರ ಬರೆದರು. ಮರುವರ್ಷ ಎರಡೂ ಹೆಸರು ಸದ್ದಿಲ್ಲದೆ ಪಟ್ಟಿಗೆ ಮರಳಿದವು.

ಇಷ್ಟಾದರೂ ಕಾಯ್ದೆ ನಿಷ್ಫಲವೆನ್ನಲಾರೆ. ಮೊದಲ ವಿನಾಯಿತಿಯ ವರ್ಷ ಹತ್ತು ತುಂಬಿದ್ದ ಹುಡುಗ ಬದುಕಿ ಉಳಿದಿದ್ದರೆ 2018ರಲ್ಲಿ ಅವನಿಗೆ ಹದಿನೆಂಟು. ಬಂದೂಕು ಅದೇ, ಹೆಗಲು ಅದೇ. ಆದರೆ ಅವನೀಗ ಬಾಲಸೈನಿಕನಲ್ಲ. ಅವನ ಕಡತ ಮುಚ್ಚಿದೆ.